ತಿರುಗ್ಸು ಮೇಷ್ಟ್ರು ಕೊಟ್ಟ ಹಾಳೆ

ನಮ್ಮ ಇಂಗ್ಲಿಷ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರ ನೆನಪಿಗೆ ಒಂದು ಚಿಕ್ಕ ಪುಸ್ತಕ ತರುತ್ತಾರಂತೆ. 'ನೀವೀಗ ಇಂಗ್ಲಿಷ್ ಟೀಚರ್ರು, ನಿಮ್ದೇ ಇಲ್ದಿದ್ರೆ ಹೆಂಗೆ ಮೇಡಂ, ಎರಡು ಪುಟ ಬರ್ಕೊಡಿ, ಒಂದು ಫೋಟೋನೂ ಕಳ್ಸಿ' ಎಂದು ಮದ್ದೂರಿನಿಂದ ಫೋನು ಬಂತು. ಆಗಲಿ ಅಂದೆ. ಬರೆಯಲು ಕೂತರೆ 'ಪೂಜ್ಯ ಗುರುಗಳು' ಎಂದು ಶುರುವಾಗುತ್ತದೆ, ಅಲ್ಲಿಗೇ ಪೆನ್ನು ನಿಲ್ಲುತ್ತದೆ. ಮೂರು ಸಲ ಹೀಗಾಯಿತು. ಮೂರನೇ ಸಲ ಹಾಳೆ ಹರಿದು ಹಾಕುವಾಗ ನನಗೆ ಅವರ ಮೇಲೆ ಸಿಟ್ಟಿದೆ ಎಂದು ಒಪ್ಪಿಕೊಂಡೆ. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಆ ಪುಸ್ತಕಕ್ಕೆ ನಾಲ್ಕು ಒಳ್ಳೆಯ ಮಾತು ಕಳಿಸಿ, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ನಮ್ಮ ಕಡೆಯವರಿಗೆ ಗುರುತು ಹತ್ತುವುದು ಕಷ್ಟ. ಮದ್ದೂರಿನಿಂದ ಮಳವಳ್ಳಿಯವರೆಗೂ ಅವರು 'ತಿರುಗ್ಸು ಮೇಷ್ಟ್ರು'.

ಆ ಹೆಸರು ಬಂದದ್ದು ಅವರ ಪಾಠದಿಂದ. ಕನ್ನಡದಲ್ಲಿ ಕರ್ತರಿ, ಕರ್ಮಣಿ ಎಂದು ಓದುತ್ತೇವಲ್ಲ, ಇಂಗ್ಲಿಷಿನಲ್ಲಿ ಅದೇ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ಒಂದನ್ನು ಕೊಟ್ಟು ಇನ್ನೊಂದಕ್ಕೆ ಬದಲಾಯಿಸಿ ಎಂದು ಪ್ರತಿವರ್ಷ ಪರೀಕ್ಷೆಯಲ್ಲಿ ಕೇಳುತ್ತಿದ್ದರು. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಕಣ್ಣು ಮುಚ್ಚಿಕೊಂಡು ಮಾರ್ಕ್ಸು ತೆಗೆಯಬಹುದಾದ ಜಾಗ ಅದೊಂದೇ ಎಂಬುದು ನಮ್ಮ ಮೇಷ್ಟ್ರ ನಂಬಿಕೆ. ಹಾಗಾಗಿ ಅವರು ಎಲ್ಲಿ ಸಿಕ್ಕಿದರೂ ಒಂದು ವಾಕ್ಯ ಎಸೆದು 'ತಿರುಗ್ಸು' ಅನ್ನುತ್ತಿದ್ದರು. ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದರೆ ಹಿಂದಿನಿಂದ 'ದಿ ಕ್ಯಾಟ್ ಡ್ರಿಂಕ್ಸ್ ಮಿಲ್ಕ್, ತಿರುಗ್ಸು' ಎಂದು ಕೇಳಿಸುವುದು. ಬಾಯಲ್ಲಿದ್ದ ನೀರನ್ನು ನುಂಗಿ ಹಾಲನ್ನು ಮುಂದಕ್ಕೆ ತಂದು ಬೆಕ್ಕನ್ನು ಹಿಂದಕ್ಕೆ ಹಾಕಬೇಕು. ಅವರು ಮೂರು ಹೆಜ್ಜೆ ಇಡುವುದರೊಳಗೆ ಹೇಳದಿದ್ದರೆ ಅವರ ಪಾಲಿಗೆ ನಾವು ಸತ್ತಂತೆ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ತಿರುಗಿ ನೋಡದೆ ಹೋಗಿಬಿಡುತ್ತಿದ್ದರು. ಅದಕ್ಕೇ ಹೆಚ್ಚು ಹೆದರಿಕೆ.

ನಮಗಿಂತ ನಾಲ್ಕು ವರ್ಷ ಹಿರಿಯನಾದ ಒಬ್ಬನ ಮದುವೆಗೆ ಮೇಷ್ಟ್ರು ಹೋಗಿದ್ದರಂತೆ. ಅಕ್ಷತೆ ಹಾಕುವ ಹೊತ್ತಿಗೆ ಮದುಮಗನ ಕಿವಿಯ ಹತ್ತಿರ ಬಗ್ಗಿ ಏನೋ ಅಂದರು. ಮದುಮಗ ಬಾಸಿಂಗದೊಳಗಿನಿಂದಲೇ ತಿರುಗಿಸಿ ಹೇಳಿದ. ಪುರೋಹಿತರು ತಮ್ಮದೇ ಯಾವುದೋ ಮಂತ್ರಕ್ಕೆ ಉತ್ತರ ಕೊಡುತ್ತಿದ್ದಾನೆ ಎಂದು ತಿಳಿದು ತಲೆ ಆಡಿಸಿದರಂತೆ. ಇದನ್ನು ನಾನು ಕಣ್ಣಾರೆ ಕಂಡದ್ದಲ್ಲ, ಆದರೆ ಅನುಮಾನವಿಲ್ಲ.

ತರಗತಿಯಲ್ಲಿ ಅವರದು ಕುರ್ಚಿ ಆಟ. ಸ್ಟಾಫ್ ರೂಮಿನಿಂದ ಮೂರು ಕುರ್ಚಿ ತರಿಸಿ ಸಾಲಾಗಿ ಇಡಿಸುತ್ತಿದ್ದರು. ಮೊದಲ ಕುರ್ಚಿಯಲ್ಲಿ ರೈತ, ನಡುವೆ ಕತ್ತರಿಸುವ ಕೆಲಸ, ಕೊನೆಯಲ್ಲಿ ಕಬ್ಬು. ನಾನು ಉದ್ದಕ್ಕೆ, ತೆಳ್ಳಗೆ ಇದ್ದದ್ದರಿಂದ ಯಾವಾಗಲೂ ಕಬ್ಬು. ದಿ ಫಾರ್ಮರ್ ಕಟ್ಸ್ ದಿ ಕೇನ್ ಎಂದು ಇಡೀ ತರಗತಿ ಕೂಗಿದ ಮೇಲೆ ಮೇಷ್ಟ್ರು ಡಸ್ಟರಿನಿಂದ ಮೇಜಿಗೆ ಎರಡು ಏಟು ಹಾಕುವರು.

'ಎದ್ದೇಳ್ಲಾ ರೈತ, ಹಿಂದಕ್ಕೋಗು. ಕಬ್ಬು, ನೀನು ಬಾರವ್ವ ಮುಂದಕ್ಕೆ. ಮಾಡ್ದೋನು ಹಿಂದಕ್ಕೆ, ಮಾಡುಸ್ಕೊಂಡದ್ದು ಮುಂದಕ್ಕೆ. ನಡೂಕೆ ಬೈ ಅನ್ನೋ ಪದ ಆಗೋನು ಯಾರ್ಲಾ? ನಿಂತ್ಕೊ ಬಾ.'

ನಾನು ಮುಂದಿನ ಕುರ್ಚಿಗೆ ಹೋಗಿ ಕೂತಾಗ ಆಗುತ್ತಿದ್ದ ಹೆಮ್ಮೆಯನ್ನು ಈಗ ಹೇಳಿದರೆ ನಗು ಬರುತ್ತದೆ. ನಮ್ಮೂರು ವೈದ್ಯನಾಥಪುರ ದಾಟಿ ಇನ್ನೂ ಒಳಗೆ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಇದ್ದದ್ದು ಗೊಬ್ಬರದ ಚೀಲದ ಮೇಲೆ ಮಾತ್ರ. ಇಂಥ ನಾನು ಎಂಥ ವಾಕ್ಯ ಕೊಟ್ಟರೂ ತಿರುಗಿಸುತ್ತಿದ್ದೆ. ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ನಂಬಿದ್ದೆ. ನಂಬಿಸಿದವರು ಅವರು.

ಅವರ ಅಂಗಿ ಯಾವಾಗಲೂ ಬಿಳಿ. ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು, ಕಾಗದದಲ್ಲಿ ಸುತ್ತಿದ ಅರ್ಧ ಸೀಮೆಸುಣ್ಣ. ಪಾಠ ಮುಗಿದ ಮೇಲೆ ಮೊಳಕೈವರೆಗೆ ತೊಳೆದುಕೊಂಡು, ಒಂದು ಲವಂಗ ಬಾಯಿಗೆ ಹಾಕಿಕೊಂಡು ಮೊಪೆಡ್ ಹತ್ತುತ್ತಿದ್ದರು. ಹತ್ತನೇ ತರಗತಿಯ ಚಳಿಗಾಲದಲ್ಲಿ ನಾನು ಎರಡು ವಾರ ಶಾಲೆಗೆ ಹೋಗಲಿಲ್ಲ. ಅಪ್ಪ ಆಲೆಮನೆ ಹಿಡಿದಿದ್ದರು, ಬೆಲ್ಲ ಎತ್ತಲು ಕೈ ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಮೊಪೆಡ್ ಆಲೆಮನೆಯ ಮುಂದೆಯೇ ಬಂದು ನಿಂತಿತು. ಮೇಷ್ಟ್ರು ನಾವು ಕೊಟ್ಟ ಕಬ್ಬಿನ ಹಾಲನ್ನೂ ಮುಟ್ಟದೆ, 'ಪರೀಕ್ಷೆ ಮುಗಿಯೋಗಂಟ ಈ ಮಗೀನ ಕೈಗೆ ಸೌಟು ಕೊಡಬ್ಯಾಡಿ ಗೌಡ್ರೆ' ಎಂದು ಅಪ್ಪನಿಗೆ ಹೇಳಿ ಹೋದರು. ಮರುದಿನದಿಂದ ನಾನು ಶಾಲೆಯಲ್ಲಿದ್ದೆ. ಈ ಒಂದು ಉಪಕಾರವನ್ನು ಎಷ್ಟು ಸಿಟ್ಟಿದ್ದರೂ ಅಲ್ಲಗಳೆಯಲಾರೆ.

ಅದಾದ ಕೆಲವು ದಿನಕ್ಕೆ, ಊಟದ ಬಿಡುವಿನಲ್ಲಿ, ಪ್ರಯೋಗಶಾಲೆಯ ಹಿಂದಕ್ಕೆ ನನ್ನನ್ನು ಕರೆದರು. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದು ಕೊಟ್ಟರು. ಮೇಲ್ಗಡೆ ಕೆಂಪು ಶಾಯಿಯಲ್ಲಿ ನನ್ನ ಹೆಸರು. ಕೆಳಗೆ ನೀಲಿಯಲ್ಲಿ ಇಪ್ಪತ್ತು ವಾಕ್ಯ, ಎದುರಿಗೆ ಕೆಂಪಿನಲ್ಲಿ ಅವುಗಳನ್ನು ತಿರುಗಿಸಿದ ರೂಪ. ಹಿಂದುಗಡೆ ಜ್ವರ ಬಂದಿದೆ ಎಂದು ಹೆಡ್ಮಾಸ್ತರಿಗೆ ಬರೆದ ರಜಾ ಅರ್ಜಿ, ಮುತ್ತತ್ತಿಗೆ ಪ್ರವಾಸ ಹೋಗಲು ಹಣ ಕಳಿಸಿ ಎಂದು ತಂದೆಗೆ ಬರೆದ ಪತ್ರ, ಹಸುವಿನ ಮೇಲೆ ಹತ್ತು ಸಾಲು. ಅರ್ಜಿಯ ಕೊನೆಯಲ್ಲೂ, ಪತ್ರದ ಕೊನೆಯಲ್ಲೂ ನನ್ನದೇ ಹೆಸರು. ಎಲ್ಲವೂ ಅವರ ಕೈಬರಹ, ಒಂದು ಚಿತ್ತಿಲ್ಲ.

'ಇದಿಷ್ಟು ಬಾಯಿಗೆ ಬಂದ್ರೆ ಸಾಕು ಕಣವ್ವ. ಬೇರೆ ಯಾವ್ದೂ ಮುಟ್ಟಬ್ಯಾಡ. ಯಾರ್ಗೂ ತೋರುಸ್ಬ್ಯಾಡ.'

'ನಂಗೊಬ್ಳಿಗೇನಾ ಸಾರ್?'

'ಹೂಂ.'

ನಾನು ಅದನ್ನು ಜಾಮಿಟ್ರಿ ಬಾಕ್ಸಿನ ತಳದಲ್ಲಿ ಬಚ್ಚಿಟ್ಟೆ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೂ ತೋರಿಸಲಿಲ್ಲ. ಅವಳು ಮಾರ್ಕ್ಸಿನಲ್ಲಿ ತರಗತಿಗೇ ಮೊದಲು ಬರುತ್ತಿದ್ದವಳು. ಅವಳಿಗಿಲ್ಲದ್ದು ನನಗಿದೆ ಎಂಬ ಸಂತೋಷಕ್ಕೆ ಎಷ್ಟೋ ದಿನ ಊಟ ರುಚಿಸಲಿಲ್ಲ. ಪರೀಕ್ಷೆಯಲ್ಲಿ ಹಾಳೆಯಲ್ಲಿದ್ದ ವಾಕ್ಯಗಳೇ ಹೆಚ್ಚುಕಮ್ಮಿ ಬಂದವು. ರಜಾ ಅರ್ಜಿಯೂ ಬಂತು. ಪಾಸಾದೆ.

ಮಂಡ್ಯದಲ್ಲಿ ಪಿಯುಸಿ ಸೇರಿದ ಮೊದಲ ವಾರ ಇಂಗ್ಲಿಷ್ ಲೆಕ್ಚರರು ಎಲ್ಲರಿಗೂ ತಮ್ಮ ಬಗ್ಗೆ ಒಂದು ಪುಟ ಬರೆಯಲು ಹೇಳಿದರು. ನನಗೆ ಕೈಯೇ ಓಡಲಿಲ್ಲ. ಯಾರಾದರೂ ಒಂದು ವಾಕ್ಯ ಕೊಟ್ಟಿದ್ದರೆ ತಿರುಗಿಸಿಬಿಡುತ್ತಿದ್ದೆ. ನನ್ನದೇ ಒಂದು ವಾಕ್ಯ ಹುಟ್ಟಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಂಟೆ ಹೊಡೆಯಲು ಐದು ನಿಮಿಷವಿದ್ದಾಗ ಗೊತ್ತಿದ್ದದ್ದನ್ನು ಬರೆದುಕೊಟ್ಟೆ. ಲೆಕ್ಚರರು ಅದನ್ನು ಎತ್ತಿ ಹಿಡಿದು ಓದಿದರು: ನನಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ. 'ಏನಮ್ಮಾ, ನಿನ್ನ ಬಗ್ಗೆ ಹೇಳ್ಕೊಳ್ಳೋಕೆ ಜ್ವರ ಬಿಟ್ಟು ಬೇರೇನೂ ಇಲ್ವಾ?' ಎಂದರು. ಎಂಬತ್ತು ಜನ ನಕ್ಕರು. ಎರಡನೇ ವರ್ಷದಲ್ಲಿ ಉಳಿದೆಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಫೇಲಾದೆ.

ಒಂದು ವರ್ಷ ಮನೆಯಲ್ಲಿ ಕೂತೆ. ಗಂಡು ನೋಡುವ ಮಾತೂ ಶುರುವಾಯಿತು. ಮಳವಳ್ಳಿಯ ಸೋದರತ್ತೆ ಬಂದು, 'ಪರೀಕ್ಷೆ ಇನ್ನೊಂದ್ಸಲ ಕಟ್ಲಿ ಬುಡಣ್ಣ, ಮದ್ವೆ ಏನು ಓಡೋಯ್ತದಾ' ಎಂದು ಅಪ್ಪನನ್ನು ಗದರಿಸಿ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಔಷಧಿ ಅಂಗಡಿಯ ಚೀಟಿ, ಬಿಸ್ಕೆಟ್ ಪೊಟ್ಟಣ, ಹಳೆಯ ಪೇಪರು, ಏನು ಸಿಕ್ಕಿದರೂ ಒಂದೊಂದೇ ಪದ ಬಿಡಿಸಿ ಓದಿದೆ. ದಿನಕ್ಕೆ ಐದು ವಾಕ್ಯ ಬರೆಯುತ್ತಿದ್ದೆ. ಸರಿಯೋ ತಪ್ಪೋ ನೋಡುವವರಿಲ್ಲ. ಪೂರಕ ಪರೀಕ್ಷೆ, ಬಿ.ಎ., ಬಿ.ಎಡ್., ಕೆಲಸ, ಒಂದೊಂದಕ್ಕೂ ಬೇರೆಯವರ ಎರಡರಷ್ಟು ಕಾಲ ಹಿಡಿಯಿತು.

ಅಷ್ಟೂ ವರ್ಷ ನನ್ನನ್ನು ತಿಂದದ್ದು ಒಂದೇ ಯೋಚನೆ. ಮೇಷ್ಟ್ರು ನನಗೊಬ್ಬಳಿಗೇ ಅಷ್ಟು ಮಾಡಿದರು, ನಾನು ಅವರ ಮರ್ಯಾದೆ ಕಳೆದೆ. ಅವರೆದುರು ನಿಲ್ಲುವ ಮುಖ ನನಗಿರಲಿಲ್ಲ. ಒಮ್ಮೆ ಮದ್ದೂರು ಬಸ್ ಸ್ಟಾಂಡಿನಲ್ಲಿ ಆ ಬಿಳಿ ಅಂಗಿ ದೂರದಲ್ಲಿ ಕಂಡಿತು. ಕಬ್ಬಿನ ಹಾಲಿನ ಗಾಡಿಯ ಹಿಂದೆ ಹೋಗಿ ನಿಂತೆ. ಅವರು ಬಸ್ಸು ಹತ್ತಿ, ಆ ಬಸ್ಸು ಹೊರಟು ಹೋಗುವವರೆಗೂ ಅಲ್ಲೇ ಇದ್ದೆ. 'ಯಾಕಕ್ಕ, ಸಾಲ್ಗಾರರೇನಾ?' ಎಂದು ಗಾಡಿಯವನು ಕೇಳಿದ. ಹಾಗೇ ಅಂದುಕೋ ಅಂದೆ.

ಕೆಲವು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಗುರುವಂದನೆ ಇಟ್ಟುಕೊಂಡರು. ಅಷ್ಟು ಹೊತ್ತಿಗೆ ನಾನು ಮಳವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ಈಗಾದರೂ ಮುಖ ತೋರಿಸಬಹುದು ಎಂದು ಧೈರ್ಯ ಮಾಡಿ ಹೋದೆ. ಆ ಹಾಳೆಯನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತದ್ದು ಅದೇ ನನ್ನ ಗೆಳತಿ. ಈಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಭತ್ತದ ವಿಜ್ಞಾನಿ. ವೇದಿಕೆಯ ಮೇಲೆ ಮೇಷ್ಟ್ರಿಗೆ ಪೇಟ ತೊಡಿಸಿ, ಶಾಲು ಹೊದಿಸಿ ಕೂರಿಸಿದ್ದರು.

ಮೊದಲು ಮೈಕು ಹಿಡಿದವನು ಈಗ ರಸ್ತೆ ಕಂಟ್ರಾಕ್ಟರು. ನಮಗಿಂತ ಎರಡು ವರ್ಷ ಹಿರಿಯ.

'ನಾನು ಎಂಥ ದಡ್ಡ ಅಂತ ಇಲ್ಲಿರೋರ್ಗೆಲ್ಲ ಗೊತ್ತು. ಒಂದಿನ ಸಾರು ಲ್ಯಾಬಿನ ಹಿಂದಕ್ಕೆ ಕರ್ದು ಒಂದು ಹಾಳೆ ಕೊಟ್ರು. ಮೇಲೆ ನನ್ನೆಸ್ರು. ಯಾರ್ಗೂ ತೋರುಸ್ಬ್ಯಾಡ ಕಣ್ಲಾ ಅಂದ್ರು. ಇವತ್ತಿನವರ್ಗೂ ನನ್ನೆಂಡ್ತಿಗೂ ತೋರಿಸಿಲ್ಲ.'

ಜೇಬಿನಿಂದ ತೆಗೆದ. ಪ್ಲಾಸ್ಟಿಕ್ ಹಾಕಿಸಿದ್ದ. ದೂರದಿಂದಲೇ ಕೆಂಪು, ನೀಲಿ ಕಂಡಿತು. ಸಭೆಯ ನಡುವಿನಿಂದ ಒಬ್ಬಳು ಎದ್ದು, 'ಅಯ್ಯೋ, ನಂಗೂ ಕೊಟ್ಟಿದ್ರು ಕಣಣ್ಣ' ಎಂದಳು. ಹಿಂದಿನಿಂದ ಇನ್ನೊಬ್ಬ, ಬಾಗಿಲ ಹತ್ತಿರದಿಂದ ಮತ್ತಿಬ್ಬರು. ನೋಡನೋಡುತ್ತ ಮೂವತ್ತು ನಲವತ್ತು ಕೈ ಮೇಲೆದ್ದವು. ಎಲ್ಲರೂ ನಗುತ್ತಿದ್ದರು, ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಕೈ ಎತ್ತಲಿಲ್ಲ. ಗೆಳತಿಯ ಕಡೆ ತಿರುಗಿ, 'ನಿಂಗೂ ಕೊಟ್ಟಿದ್ರಾ?' ಎಂದೆ.

'ಯಾವ ಹಾಳೆ? ನಮ್ಗೆ ಕೊಡ್ಲಿಲ್ಲಪ್ಪ. ನಮ್ಗೆ ಬೆಳಿಗ್ಗೆ ಏಳೂವರೆಗೆ ಬೇರೆ ಕ್ಲಾಸ್ ತಗೊಳ್ತಿದ್ರಲ್ಲ, ನಾವು ಎಂಟು ಜನಕ್ಕೆ. ಪೇಪರ್ ಓದಿಸೋರು, ದಿನಾ ಒಂದು ಪುಟ ಸ್ವಂತ ಬರೆಸೋರು, ತಿದ್ದೋರು. ನೀನು ಬರ್ತಿರ್ಲಿಲ್ವಾ?'

ನನಗೆ ಆ ಕ್ಲಾಸು ನಡೆಯುತ್ತಿತ್ತು ಎಂಬುದೇ ಗೊತ್ತಿರಲಿಲ್ಲ. ಒಂದು ವರ್ಷ ಒಂದೇ ಬೆಂಚಿನಲ್ಲಿ ಕೂತ ಇವಳೂ ಹೇಳಿರಲಿಲ್ಲ. ಆ ಎಂಟು ಜನಕ್ಕೂ ಮೇಷ್ಟ್ರು 'ಯಾರ್ಗೂ ಹೇಳಬ್ಯಾಡಿ' ಎಂದಿದ್ದರಂತೆ. ಪರ್ಸಿನ ಮೇಲಿಟ್ಟಿದ್ದ ಕೈಯನ್ನು ತೆಗೆದೆ. ಹಾಳೆ ಸಿಕ್ಕಿದ್ದು ಮೇಷ್ಟ್ರು ಕೈಬಿಟ್ಟವರಿಗೆ. ಅಷ್ಟು ಜನ ಅಷ್ಟು ಸಂತೋಷವಾಗಿ ಕೈ ಎತ್ತಿದ್ದರು, ಒಬ್ಬರಿಗೂ ಅದು ಹೊಳೆದಂತೆ ಕಾಣಲಿಲ್ಲ.

ಊಟದ ನಂತರ ಮೇಷ್ಟ್ರು ನಮ್ಮ ಹಳೆಯ ತರಗತಿಯಲ್ಲಿ ಕೂತಿದ್ದರು. ಪೇಟ ತೊಡೆಯ ಮೇಲೆ, ಕಾಲು ಚಪ್ಪಲಿಯ ಹೊರಗೆ. ಹೋಗಿ ನಮಸ್ಕಾರ ಮಾಡಿದೆ. ಯಾವ ಬ್ಯಾಚವ್ವಾ ಎಂದರು. ಹೇಳಿದೆ. ಗುರುತು ಸಿಗಲಿಲ್ಲ.

'ಕುರ್ಚಿ ಆಟದಲ್ಲಿ ಕಬ್ಬು ಆಗ್ತಿದ್ದೆ ಸಾರ್.'

'ಕಬ್ಬು ಭಾಳ ಜನ ಆಗವ್ರೆ ಕಣವ್ವ. ಏನ್ಮಾಡ್ಕೊಂಡಿದ್ದೀಯೆ?'

'ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್ ಸಾರ್.'

ಅವರ ಕಣ್ಣು ತುಂಬಿ ಬಂತು. ನನ್ನ ಮಣಿಕಟ್ಟು ಹಿಡಿದು ಸುತ್ತ ಇದ್ದವರಿಗೆ, 'ನೋಡ್ರಲಾ, ನಮ್ಮ ಹುಡುಗಿ, ಇಂಗ್ಲಿಷ್ ಟೀಚರ್ರು' ಎಂದರು. ಆಮೇಲೆ, 'ನಿಂಗೆ ಹಾಳೆ ಕೊಟ್ಟಿದ್ನೇನವ್ವ?' ಎಂದು ಕೇಳಿದರು.

'ಕೊಟ್ಟಿದ್ರಿ.'

'ಮತ್ತೆ?'

ಎಲ್ಲ ಅದರಿಂದಲೇ ಆಯಿತು ಎನ್ನುವ ಹಾಗಿತ್ತು ಆ ಮಾತು. ಸೋದರತ್ತೆಯ ಮನೆಯ ಜಗಲಿಯಲ್ಲಿ ಬಿಸ್ಕೆಟ್ ಪೊಟ್ಟಣ ಬಿಡಿಸಿ ಓದಿದವಳು ಯಾರೋ ಬೇರೆಯವಳು ಅನ್ನಿಸಿತು. ಸಿಟ್ಟು ನೆತ್ತಿಗೇರಿತು. ಆದರೂ ಅವರ ಮುಂದೆ ನನ್ನ ದನಿ ಹತ್ತನೇ ತರಗತಿಯದೇ ಆಗಿ ಹೊರಟಿತು.

'ಬೆಳಗಿನ ಕ್ಲಾಸಿಗೆ ನನ್ನ ಯಾಕೆ ಕರೀಲಿಲ್ಲ ಸಾರ್?'

'ನಿಮ್ಮೂರಿಂದ ಆವೊತ್ನಲ್ಲಿ ಬಸ್ಸಿತ್ತಾ?'

'ಇರ್ಲಿಲ್ಲ. ಕರ್ದಿದ್ರೆ ನಡ್ಕೊಂಡು ಬತ್ತಿದ್ದೆ.'

'ಎಲ್ರೂ ಅಂಗೇ ಅಂತಾರೆ. ಒಂದ್ವಾರ ಬತ್ತಾರೆ, ಆಮೇಲೆ ಆಲೆಮನೆ ಅಂತಾರೆ. ಎಪ್ಪತ್ತು ಮಕ್ಕಳಿಗೆ ನಾನೊಬ್ಬ ಕಣವ್ವ. ಓದೋರು ಯಾರು, ದಾಟುಸ್ಬೇಕಾದೋರು ಯಾರು ಅಂತ ಜೂನಲ್ಲೇ ಗೊತ್ತಾಯ್ತದೆ.'

'ಜೂನಲ್ಲೇ ಹೆಂಗೊತ್ತಾಯ್ತದೆ ಸಾರ್?'

'ಗೊತ್ತಾಯ್ತದೆ ಬುಡು.'

ಅವರಿಗೆ ನೋವಾಗಿರಲಿಲ್ಲ, ಮುಜುಗರವೂ ಆಗಿರಲಿಲ್ಲ. ಬಟ್ಟೆಯ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಅದೇ ನೀಲಿ, ಅದೇ ಕೆಂಪು. ಅಕ್ಷರ ಸ್ವಲ್ಪ ನಡುಗಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

'ನಿಮ್ಮ ಸ್ಕೂಲಲ್ಲೂ ಇರ್ತಾವಲ್ಲ, ಅವುಕ್ಕೆ ಕೊಡು. ಜೆರಾಕ್ಸು ಕೊಟ್ರೆ ಓದಾಕಿಲ್ಲ, ಒಂದೊಂದೂ ಕೈಲೇ ಬರಿ. ಮೇಲೆ ಎಸ್ರು ಹಾಕು. ಯಾರ್ಗೂ ತೋರುಸ್ಬ್ಯಾಡ ಅನ್ನು. ಅಂಗಂದ್ರೇನೇ ಓದೋದು.'

'ನಂಗೂ ಅದಕ್ಕೇ ಅಂದಿದ್ರಾ?'

'ಮತ್ತಿನ್ಯಾತಕ್ಕೆ' ಎಂದರು ಮೇಷ್ಟ್ರು, ಕಾಲಿನಿಂದ ಚಪ್ಪಲಿ ಹುಡುಕುತ್ತಾ.

ಆಮೇಲೆ ಅವರನ್ನು ನೋಡಲಿಲ್ಲ. ಅವರು ಹಾಸಿಗೆ ಹಿಡಿದದ್ದು ಗೊತ್ತಾದರೂ ಹೋಗಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಆ ಸುಳ್ಳನ್ನು ನಾನು ಇಪ್ಪತ್ತು ವರ್ಷ ಎದೆಯ ಮೇಲಿಟ್ಟುಕೊಂಡು, ಅದಕ್ಕೆ ತಕ್ಕವಳಾಗಲಿಲ್ಲ ಎಂದು ಗಾಡಿಯ ಹಿಂದೆ ಅಡಗಿದೆನಲ್ಲ, ಅದಕ್ಕೆ. ವರ್ಷಕ್ಕೆ ಅರವತ್ತು ಹಾಳೆ ಕೈಯಾರೆ ಬರೆಯುವ ತಾಳ್ಮೆ ಇದ್ದ ಮನುಷ್ಯನಿಗೆ ಒಂದು ಹುಡುಗಿಯನ್ನು 'ನಡ್ಕೊಂಡು ಬತ್ತೀಯಾ' ಎಂದು ಕೇಳಲು ಅರ್ಧ ನಿಮಿಷ ಸಿಗಲಿಲ್ಲ. ಇದನ್ನು ಯಾವ ಪುಸ್ತಕದಲ್ಲಿ ಬೇಕಾದರೂ ಬರೆಯುತ್ತೇನೆ.

ನನ್ನ ಶಾಲೆಯಲ್ಲಿ ಹಾಗಾಗಬಾರದು ಎಂದು ಹಟ ತೊಟ್ಟೆ. ಹೋದ ಜೂನಿನಲ್ಲಿ ಹೆಡ್ಮಾಸ್ತರು ನಿಧಾನ ಕಲಿಕೆಯ ಮಕ್ಕಳ ಪಟ್ಟಿ ಕೇಳಿದಾಗ, ಈಗಲೇ ಹೇಗೆ ಹೇಳುವುದು ಸಾರ್ ಎಂದು ಖಾಲಿ ಹಾಳೆ ಕೊಟ್ಟೆ. ಎಲ್ಲರಿಗೂ ಸಂಜೆ ಕ್ಲಾಸು, ಎಲ್ಲರೂ ದಿನಕ್ಕೆ ಐದು ಸ್ವಂತ ವಾಕ್ಯ ಎಂದೆ. ಎರಡು ವಾರ ನಡೆಯಿತು. ನಾಲ್ಕೂವರೆಯ ಬಸ್ಸು ತಪ್ಪಿದರೆ ಮುತ್ತತ್ತಿ ಕಡೆಯ ಮಕ್ಕಳಿಗೆ ಬೇರೆ ಬಸ್ಸಿಲ್ಲ. ಮೂರನೇ ವಾರ ಉಳಿದವರು ಒಂಬತ್ತು ಜನ, ಮಳವಳ್ಳಿ ಟೌನಿನ ಮಕ್ಕಳು. ಮೇಷ್ಟ್ರ ಹಾಳೆಯನ್ನು ದೊಡ್ಡದಾಗಿ ಬರೆಸಿ ತರಗತಿಯ ಗೋಡೆಗೆ ಅಂಟಿಸಿದೆ, ಎಲ್ಲರೂ ನೋಡಲಿ ಎಂದು. ಒಬ್ಬರೂ ನೋಡಲಿಲ್ಲ. ದೀಪಾವಳಿಯ ಹೊತ್ತಿಗೆ ಅದರ ಮೇಲೆ ಯಾರೋ ಕ್ಯಾಲೆಂಡರ್ ನೇತುಹಾಕಿದ್ದರು. ಜನವರಿಯ ಟೆಸ್ಟಿನಲ್ಲಿ ಹದಿನೆಂಟು ಜನ ಫೇಲು.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದದ್ದು ಅದೇ ವಾರ. ಭಾನುವಾರ ಮಧ್ಯಾಹ್ನ ಊಟ ಮಾಡಿ, ನೀಲಿ ಪೆನ್ನು, ಕೆಂಪು ಪೆನ್ನು ತೆಗೆದುಕೊಂಡು ಕೂತೆ. ಇದರಿಂದ ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಬರೆಯುತ್ತಾ ಹೋದ ಹಾಗೆ ಇನ್ನೂ ಏರಿತು, ಯಾರ ಮೇಲೆ ಎನ್ನುವುದು ಮಾತ್ರ ಕಲಸಿಹೋಯಿತು.

ಸೋಮವಾರ ಊಟದ ಬಿಡುವಿನಲ್ಲಿ ಮುತ್ತತ್ತಿ ರಸ್ತೆಯಿಂದ ಬರುವ ಒಬ್ಬ ಹುಡುಗಿಯನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೆ. ನನಗಿಂತ ತೆಳ್ಳಗಿದ್ದಾಳೆ. ನಾಲ್ಕು ಮಡಿಕೆಯ ಹಾಳೆ ಕೊಟ್ಟೆ. ಬಿಚ್ಚಿ, ಮೇಲಿದ್ದ ತನ್ನ ಹೆಸರನ್ನು ಬೆರಳಿನಿಂದ ಸವರಿದಳು.

'ಯಾರಿಗೂ ತೋರಿಸಬೇಡ' ಎಂದೆ.

'ನಂಗೊಬ್ಳಿಗೇನಾ ಮಿಸ್?'

ಹೂಂ ಅಂದೆ. ನನ್ನ ಬ್ಯಾಗಿನಲ್ಲಿ ಇನ್ನೂ ಹದಿನೇಳು ಹಾಳೆ ಇದ್ದವು.